ಗೂಡ್ಸ್ ಗಾಡಿಗೆ ಕುಣಿದವರು

ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯ ಲಾರಿ ಡ್ರೈವರ್ ಚಾಚಾ ಅಕ್ಕಿ ಮೂಟೆ ಹೇರಿಕೊಂಡು ಹೊರಟರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ಹೆಗಲ ಟವೆಲ್ ಕೊಡವಿ, “ಫಿಕರ್ ಯಾಕ್ರಿ?” ಎನ್ನುತ್ತಿದ್ದರು.

ಊರಿಗೆ ಮೊದಲ ಗೂಡ್ಸ್ ಗಾಡಿ ಬಂದ ದಿನ, ಅಕ್ಕಿಯೆಲ್ಲ ಇನ್ನು ರೈಲಿನಲ್ಲೇ ಹೋಗುತ್ತದೆಂದು ಉಳಿದ ಡ್ರೈವರುಗಳು ಮುಖ ಇಳಿಸಿಕೊಂಡಿದ್ದರು. ಚಾಚಾ ಮಾತ್ರ ಹಳಿಯ ಪಕ್ಕ ಲಾರಿ ನಿಲ್ಲಿಸಿ, ಅದರ ಮೇಲೆ ಹತ್ತಿ ಕುಣಿಯತೊಡಗಿದರು. ರೈಲಿನ ಡಬ್ಬಿಗಳು ಸಾಗುತ್ತಲೇ ಇದ್ದವು, ಇವರೂ ನಿಲ್ಲಿಸಲಿಲ್ಲ.

ಕೆಳಗಿನಿಂದ ಚಾಚಿ ಕೂಗಿದರು: “ನಿಮ್ಮ ಬಾಡಿಗಿನ ಹೋತಲ್ರೀ, ಏನ್ ಕುಣ್ಯಾಕತ್ತೀರಿ?”

“ದೂರದ್ದು ಹೋಗ್ಲಿ ಬಿಡು! ಇನ್ನ ಮಿಲ್ಲಿನಿಂದ ಸ್ಟೇಷನ್ನಿಗೆ ಅಕ್ಕಿ ಹೊಡಿತೀನಿ. ದಿನಾ ನಿನ್ನ ಕೈಯಾಗಿನ ಊಟ!” ಎಂದರು ಚಾಚಾ.

ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಅಷ್ಟು ಜನರ ಮುಂದೆಯೇ ಕೈ ಎತ್ತಿ, “ನನ್ನೂ ಮ್ಯಾಲ ಎಳ್ಕೋರಿ” ಎಂದರು.