ಮಡಿಯನ್ನು ಕಾಯ್ದ ಮೊಬೈಲು

ಮೂವತ್ತಾರು ವರ್ಷ ರೈಲ್ವೆ ಕಚೇರಿಯ ಕಡತಗಳ ನಡುವೆ ಬಾಳಿಯೂ ಒಂದು ಹೊತ್ತಿನ ಸಂಧ್ಯಾವಂದನೆಯನ್ನು ತಪ್ಪಿಸದವರು; ಬೋರಿನ ನೀರಿನಲ್ಲಿ ಮಿಂದು, ಮಂಜೀರಾ ಹೊಳೆಯಿಂದ ಬರುವ ನಳದ ನೀರನ್ನು ದೇವರಿಗೆಂದೇ ಹಿಡಿದಿಡುವವರು; ಏಕಾದಶಿಯಂದು ಹನಿ ನೀರನ್ನೂ ಸೋಕದವರು, ಮರುದಿನದ ಪಾರಣೆ ಕಾಲು ಗಂಟೆ ತಡವಾದರೆ ಮಾತ್ರ ಮಡದಿಯ ತವರಿನ ಏಳು ತಲೆಮಾರನ್ನು ನೆನೆಯುವವರು; ಪರನಿಂದೆಯನ್ನು ಪೂಜೆ ಮುಗಿಯುವ ತನಕ ನಾಲಗೆಗೆ ತಾರದವರು; ಹಾದಿಯ ಇರುವೆಗೂ ದಾರಿ ಬಿಟ್ಟು ನಡೆಯುವವರು. ಇಂತು ಸಕಲ ಸದ್ಗುಣಗಳ ಭಾರವನ್ನು ಹೊತ್ತು, ತೆಲುಗು ಸೀಮೆಯ ಮಲ್ಕಾಜ್‌ಗಿರಿಯ ರೈಲು ನಿಲ್ದಾಣದ ಹಿಂದಿನ ಓಣಿಯ ಎರಡನೆಯ ಮಹಡಿಯಲ್ಲಿ ನೆಲಸಿದ್ದ ಮಹನೀಯರೇ ಜಯತೀರ್ಥರು.

ಅವರ ಸದ್ಗುಣಗಳಿಗೆ ಇದ್ದ ಕಂಟಕ ಒಂದೇ. ಅದು ಎರಡೂವರೆ ವರ್ಷದ್ದು, ಹೆಸರು ಮಾನಸಾ. ಮಗ ಸುಶಾಂತನೂ ಸೊಸೆ ಪ್ರಾಜಕ್ತಾಳೂ ಬೆಳಗಾಗುತ್ತಲೇ ಲಿಂಗಂಪಲ್ಲಿಯ ಲೋಕಲ್ ರೈಲು ಹಿಡಿದು ನೌಕರಿಗೆ ಹೊರಡುವರು. ಮಡದಿ ಗಂಗೂಬಾಯಿ ಅಡುಗೆಮನೆಯಲ್ಲಿ. ಉಳಿದ ಕೂಸು ಅಜ್ಜನೆಡೆಗೆ ಓಡಿಬರುವುದು. ಮಡಿಯಲ್ಲಿ ಕುಳಿತವರನ್ನು ದಿನಬಳಕೆಯ ಅರಿವೆ ತೊಟ್ಟ ಕೂಸು ಮುಟ್ಟಿತೆಂದರೆ ಮಡಿ ಕೆಟ್ಟಿತು. ಮತ್ತೆ ಸ್ನಾನ, ಮತ್ತೆ ಸಂಕಲ್ಪ.

ಈ ಧರ್ಮಸಂಕಟಕ್ಕೆ ಜಯತೀರ್ಥರು ಕಂಡುಕೊಂಡ ಪರಿಹಾರವನ್ನು ಅವರ ಪೂರ್ವಿಕರಾರೂ ಕಂಡಿರಲಿಲ್ಲ. ಪೂರ್ವಿಕರ ಬಳಿ ಮೊಬೈಲು ಇರಲಿಲ್ಲವೆಂಬುದೊಂದೇ ಕಾರಣ. ಪೂಜೆಗೆ ಮುನ್ನ ಸ್ತೋತ್ರದ ವಿಡಿಯೊ ಹಚ್ಚಿ, ಕೂಸನ್ನು ಪಡಸಾಲೆಯ ಮೂಲೆಯಲ್ಲಿ ಕೂರಿಸಿ, ಕೈಗೆ ಫೋನು ಕೊಟ್ಟುಬಿಡುವರು. ಸ್ತೋತ್ರವು ಹತ್ತು ನಿಮಿಷಕ್ಕೆ ಮುಗಿದು, ಅದರ ಬೆನ್ನಿಗೆ ತಾನಾಗಿಯೇ ಕುಣಿಯುವ ಬದನೆಕಾಯಿಗಳೂ ಕಿರುಚುವ ಬೆಕ್ಕುಗಳೂ ಬರುತ್ತಿದ್ದುದು ದೇವರತ್ತ ಮುಖ ಮಾಡಿದ್ದ ಅವರಿಗೆ ಕಾಣುವಂತಿರಲಿಲ್ಲ. ಕೇಳಿಸುತ್ತಿತ್ತು, ನಿಜ, ಆದರೆ ಪೂಜೆಯಲ್ಲಿ ಚಿತ್ತ ಚಲಿಸಬಾರದಷ್ಟೆ.

"ನಮ್ಮ ಮಾನಸಾ ಮೂರು ತಾಸು ಅಲುಗಾಡದ ಕೂತು ಸ್ತೋತ್ರ ಕೇಳ್ತಾಳ್ರಿ," ಎಂದು ನೆರೆಮನೆಯ ವಾಸುದೇವನ ಮುಂದೆ ಹಿಗ್ಗುವರು.

"ಭಾಳ ಛಲೋ ಆತು ರಾಯರ. ಆದ್ರ ಅಕಿ ಇನ್ನೂ ಒಂದ ಮಾತೂ ಆಡಂಗಿಲ್ಲಲ್ರಿ?"

"ಮೌನ ಅಂದ್ರ ಸಾಧನಾ ಅದ. ನಿಮ್ಮಂಥಾ ವಟವಟ ಅನ್ನಾವ್ರಿಗೆ ತಿಳಿಯಂಗಿಲ್ಲ ಬಿಡ್ರಿ."

ಸಾಧನೆಯ ಪರೀಕ್ಷೆ ಮಕ್ಕಳ ಡಾಕ್ಟರಮ್ಮನ ಮುಂದೆ ನಡೆಯಿತು. ಪ್ರಾಜಕ್ತಾ ರಜೆ ಹಾಕಿ, ಅತ್ತೆಮಾವಂದಿರನ್ನೂ ಕರೆದುಕೊಂಡು ಹೋಗಿದ್ದಳು. ಡಾಕ್ಟರಮ್ಮ ಮೂರು ಸಲ ಹೆಸರು ಹಿಡಿದು ಕರೆದರು, ಕೂಸು ತಿರುಗಲಿಲ್ಲ. ಅಷ್ಟರಲ್ಲಿ ಜಯತೀರ್ಥರ ಜೇಬಿನಲ್ಲಿ ಫೋನು ರಿಂಗಣಿಸಿತು. ಕೂಸು ಥಟ್ಟನೆ ತಿರುಗಿ, ನೆಟ್ಟಗೆ ನಡೆದುಬಂದು ಜೇಬಿಗೆ ಕೈ ಹಾಕಿತು. ಕಿವಿ ಚೆನ್ನಾಗಿವೆಯೆಂದು ಡಾಕ್ಟರಮ್ಮ ಬರೆದುಕೊಂಡು, ಮನೆಯಲ್ಲಿ ಮಗುವಿನೊಡನೆ ಹಗಲೆಲ್ಲ ಏನು ಮಾತಾಡುತ್ತೀರಿ ಎಂದು ತೆಲುಗಿನಲ್ಲಿ ಕೇಳಿದರು.

"ಏನ ಮಾತಾಡ್ತೀವಿ? 'ಮುಟ್ಟಬ್ಯಾಡ, ಮಡಿ!' ಅಂತೀವಿ," ಎಂದರು ಗಂಗೂಬಾಯಿ, ಸೂರು ನೋಡುತ್ತ.

ಅಪ್ಪಣೆಯಾಯಿತು: ಫೋನು ಪೂರ್ತಿ ಬಂದ್. ಮಗುವಿನೊಡನೆ ಯಾರಾದರೂ ದಿನವೂ ನೆಲಕ್ಕೆ ಕುಳಿತು ಆಡಬೇಕು. ಅದು ನೋಡಿದರೆ ನೋಡಬೇಕು, ನಕ್ಕರೆ ನಗಬೇಕು, ತೊದಲಿದರೆ ಮರುಮಾತು ಕೊಡಬೇಕು. ಮೂರು ತಿಂಗಳಿಗೆ ಮತ್ತೆ ಕರೆತರಬೇಕು. ಆಗಲೂ ಮಾತು ಬಾರದಿದ್ದರೆ ಮುಂದಿನ ಪರೀಕ್ಷೆಗಳು.

ಆಟೊದಲ್ಲಿ ಪ್ರಾಜಕ್ತಾ ಕಣ್ಣೊರೆಸಿಕೊಂಡಳು. "ಮಾವಾರ, ಮೂರು ತಿಂಗಳ ಆದಮ್ಯಾಲೂ ಅಕಿ ನನಗ 'ಅವ್ವಾ' ಅನ್ನಲಿಲ್ಲಂದ್ರ?"

ಜಯತೀರ್ಥರು ಕೂಸಿನ ಕೈಗೆಟುಕದಂತೆ ಫೋನನ್ನು ಒಳಜೇಬಿಗೆ ತುರುಕಿದರು.

ಮರುದಿನ ಫೋನು ಬಂದಾಯಿತು. ಕೂಸು ರೋದಿಸಿತು, ಉರುಳಿತು, ಕೊನೆಗೆ ಓಡಿಬಂದು ಅಜ್ಜನ ಬೆನ್ನಿಗೆ ಜೋತುಬಿದ್ದಿತು. ಪುಷ್ಯಮಾಸದ ಚಳಿ; ಜಯತೀರ್ಥರು ಮತ್ತೆ ಮಿಂದರು. ಮತ್ತೆ ಜೋತುಬಿದ್ದಿತು, ಮತ್ತೆ ಮಿಂದರು. ಮೂರನೆಯ ಸ್ನಾನವಾದ ಮೇಲೆ, ಹಲ್ಲು ಕಟಕಟ ಎನ್ನುತ್ತಿರಲು, ದೇವರನ್ನಿಟ್ಟ ಪೆಟ್ಟಿಗೆಯ, ಆ ಸಂಪುಟದ ಹಿಂದೆ ಕೈಯಾಡಿಸಿದರು.

"ಏನ್ರೀ, ಸಂಪುಟದ ಹಿಂದ ಯಾವ ದೇವರು ಮಿಣಮಿಣ ಅನ್ಲಿಕ್ಕೆ ಹತ್ಯಾನ?" ಬಾಗಿಲಲ್ಲಿ ಗಂಗೂಬಾಯಿ, ಕೈಯಲ್ಲಿ ಸೌಟು.

"ಐದ ನಿಮಿಷ... ನನ್ನ ಮಡಿ..."

"ನೀವು ಉಟ್ಟದ್ದು ಪಟ್ಟಿಮಡಿ ಹೌದಲ್ರಿ? ಅದಕ್ಕ ಮೈಲಿಗಿ ಹತ್ತಂಗಿಲ್ಲಲ್ಲ?"

"ರೇಷ್ಮಿಗೆಲ್ಲಿ ಮೈಲಿಗಿ? ಮೈಲಿಗಿ ಇರೋದು ಅಕಿ ಹತ್ತಿ ಅರಿವಿಗೆ. ಶಾಸ್ತ್ರದಾಗ ಅದ," ಎಂದರು ಜಯತೀರ್ಥರು, ಚಳಿಯಲ್ಲಿಯೂ ಶಾಸ್ತ್ರವೆಂದೊಡನೆ ಬೆಚ್ಚಗಾಗಿ.

"ಹಂಗಾರ ಸುಮ್ಮ ಕೂಡ್ರಿ."

ಗಂಗೂಬಾಯಿ ತಮ್ಮ ಹಳೆಯ ರೇಷ್ಮೆ ಸೀರೆಯನ್ನು ಹರಿದು ಹೊಲಿದಿಟ್ಟಿದ್ದ ಪುಟ್ಟ ಝಬಲಾ ತಂದರು. ಕೂಸನ್ನು ಮೀಸಿ, ಅದನ್ನು ತೊಡಿಸಿ, ಗಂಡನ ತೊಡೆಯ ಮೇಲೆ ತಂದು ಕೂರಿಸಿದರು. "ಈಗ ಹೇಳ್ರಿ, ಯಾವ ಶಾಸ್ತ್ರ ಅಡ್ಡ ಬರ್ತದ?"

ಯಾವುದೂ ಬರಲಿಲ್ಲ. ನಲವತ್ತು ವರ್ಷ ತಾವೇ ಉಟ್ಟ ರೇಷ್ಮೆಯಲ್ಲಿ ಕೂಸಿಗೂ ಒಂದು ದಾರಿಯಿದ್ದುದು ಜಯತೀರ್ಥರ ಕಣ್ಣಿಗೆ ಬಿದ್ದಿರಲಿಲ್ಲ. ಧರ್ಮವು ಮಗುವನ್ನು ದೂರವಿಟ್ಟಿರಲಿಲ್ಲ. ದೂರವಿಟ್ಟದ್ದು ಧರ್ಮವನ್ನು ಗುತ್ತಿಗೆ ಹಿಡಿದವರು.

ಆದರೆ ಆಡುವುದು ಹೇಗೆ? ಕಚೇರಿಯ ಸುತ್ತೋಲೆಗಳನ್ನು ಬರೆದ ಬಾಯಿ. "ಇದು ಉದ್ಧರಣೆ. ಇದರಿಂದ ಆಚಮನ ಮಾಡತಕ್ಕದ್ದು," ಎಂದು ತೀರ್ಥದ ಚಮಚವನ್ನು ಕೂಸಿನ ಮುಂದೆ ಹಿಡಿದರು. ಕೂಸು ಅದನ್ನು ಕಸಿದು ಎಸೆಯಿತು. ತಂದುಕೊಟ್ಟರು, ಎಸೆಯಿತು. ಹನ್ನೊಂದನೆಯ ಸಲ ಮೊಣಕಾಲು ಊರಿ ಮಂಚದ ಕೆಳಗಿಂದ ತರುವಾಗ ಅವರ ತಲೆ ಮಂಚಕ್ಕೆ ಬಡಿಯಿತು. ಕೂಸು ಅವರ ಮುಖ ನೋಡಿ ಕಿಲಕಿಲ ನಕ್ಕಿತು. ಬೆಳಕಿನ ಗಾಜನ್ನಲ್ಲ, ಮುಖವನ್ನು ನೋಡಿ. ಜಯತೀರ್ಥರು ತಲೆಯನ್ನು ಮತ್ತೊಮ್ಮೆ, ಬೇಕೆಂದೇ ಬಡಿದುಕೊಂಡರು.

ಎರಡು ತಿಂಗಳು ಸರಿದವು. ನಗೆಯಿತ್ತು, ಓಟವಿತ್ತು, ಕರೆದರೆ ತಿರುಗುವುದಿತ್ತು. ಮಾತು ಮಾತ್ರ ಇರಲಿಲ್ಲ. ಪ್ರಾಜಕ್ತಾ ಬೆರಳು ಮಡಿಸಿ ದಿನ ಎಣಿಸುತ್ತಿದ್ದಳು. ಜಯತೀರ್ಥರು ಸಂಕಲ್ಪದ ಕೊನೆಯಲ್ಲಿ ಯಾರಿಗೂ ಕೇಳದಂತೆ ಒಂದು ಸಾಲು ಸೇರಿಸತೊಡಗಿದ್ದರು.

ಒಂದು ಭಾನುವಾರ ಕೂಸು ತಂಬಿಗೆಯ ಮೇಲೆ ಪಂಚಪಾತ್ರೆ, ಅದರ ಮೇಲೆ ಗಂಟೆ ಇಟ್ಟು ಗೋಪುರ ಕಟ್ಟಿತ್ತು. ಅಭಿಷೇಕಕ್ಕೆ ಹೊತ್ತಾಯಿತೆಂದು ಜಯತೀರ್ಥರು ತಂಬಿಗೆಗೆ ಕೈ ಚಾಚಿದರು. ಕೂಸು ಹಿಂದೆ ಸರಿದು, ಹುಬ್ಬು ಗಂಟಿಕ್ಕಿ, ಅಂಗೈಯನ್ನು ಎತ್ತಿ ಹಿಡಿಯಿತು. ಥೇಟ್ ಅವರದೇ ಭಂಗಿ.

"ಮುತ್ತಬ್ಯಾದ! ಮದಿ!"

ಆ ಮನೆ ಕೂಸಿನ ಕಿವಿಗೆ ಎರಡು ವರ್ಷ ಸುರಿದ ಒಂದೇ ಮಾತು, ಮೊದಲ ಮಾತಾಗಿ ಮರಳಿತ್ತು. ಜಯತೀರ್ಥರ ಕೈ ಗಾಳಿಯಲ್ಲೇ ನಿಂತಿತು. ಕಣ್ಣು ತುಂಬಿದವು, ಕಿವಿ ಕೆಂಪಾದವು.

"ಅಜ್ಜನ ಆಸ್ತಿ, ಮೊಮ್ಮಗಳಿಗೆ ಬಂತು ನೋಡ್ರಿ," ಎಂದು ಗಂಗೂಬಾಯಿ ಸೌಟು ಹಿಡಿದೇ ನಕ್ಕರು. ಪ್ರಾಜಕ್ತಾ ಓಡಿಬಂದು ಮಗಳನ್ನು ಬಾಚಿಕೊಳ್ಳಹೋದಳು.

"ಅವ್ವಾ, ಮುತ್ತಬ್ಯಾದ!"

ತಾಯಿ ಅಲ್ಲೇ ಕುಸಿದು ಕುಳಿತು ಅಳುತ್ತ ನಕ್ಕಳು. ಅಂದು ದೇವರಿಗೆ ಅಭಿಷೇಕವಾದದ್ದು ಹನ್ನೊಂದು ಗಂಟೆಗೆ, ಗೋಪುರ ತಾನಾಗಿ ಬಿದ್ದ ಮೇಲೆ. ಅಲ್ಲಿಯವರೆಗೆ ಜಯತೀರ್ಥರು ಕೈಕಟ್ಟಿ ಕುಳಿತು ಅಪ್ಪಣೆಗೆ ಕಾದರು. ಯಾರ ತವರನ್ನೂ ನೆನೆಯಲಿಲ್ಲ.

ಎಲ್ಲರ ಮೈಲಿಗೆಯನ್ನೂ ತೊಳೆಯುವ ಸ್ವಾಮಿಯು ಜಯತೀರ್ಥರಿಗೆ ನೂರು ವರ್ಷದ ಆಯುಸ್ಸನ್ನೂ ಮಂಚದ ಕೆಳಗೆ ತೂರುವಷ್ಟು ಗಟ್ಟಿ ಮೊಣಕಾಲನ್ನೂ ಅನುಗ್ರಹಿಸಲಿ; ಗಂಗೂಬಾಯಿಯ ನಾಲಗೆಯ ಹರಿತ ಎಂದೂ ಮೊಂಡಾಗದಿರಲಿ; ಸುಶಾಂತ ಪ್ರಾಜಕ್ತಾರ ರೈಲು ಹೊತ್ತಿಗೆ ಮರಳಿ ಬರಲಿ; ಆ ಮನೆಯಲ್ಲಿ ಮಾನಸಾಳ ಮಾತು ಮುಗಿಯದಿರಲಿ, ಅದಕ್ಕೆ ಮರುಮಾತು ಕೊಡುವವರು ಎಂದೆಂದೂ ಕುಂದದಿರಲಿ.