ಇಸ್ತ್ರಿ ಅಕ್ಕನ ತಕರಾರು

ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ನಮ್ಮ ವಯಸ್ಕರ ಸಂಜೆ ತರಗತಿಯಲ್ಲಿ ಇಸ್ತ್ರಿ ಅಕ್ಕ ಬಾಯಿ ತೆರೆದರೆ ಮೇಷ್ಟ್ರು ಮೊದಲು ನೀರು ಕುಡಿಯುತ್ತಾರೆ. ಮುದುರಿದ ಹಾಳೆ ಕಂಡರೆ ಅಂಗೈಯಿಂದ ಉಜ್ಜಿ ನೆಟ್ಟಗೆ ಮಾಡುತ್ತಾಳೆ, ನಾನು ತರಗತಿಗೆ ಕರೆತರುವ ನನ್ನ ಮಗುವಿನ ಫ್ರಾಕನ್ನೂ ಬಿಡುವುದಿಲ್ಲ. ಕಥೆಯಲ್ಲಿ ರಾಜಕುಮಾರಿ ಮೂರ್ಛೆ ಹೋದರೆ, "ಬೆಳಿಗ್ಗೆ ಏನಾದ್ರೂ ತಿಂದಿದ್ಲಾ, ಯಾರಾದ್ರೂ ಕೇಳಿದ್ರಾ?" ಎನ್ನುತ್ತಾಳೆ. ನಾವೆಲ್ಲ ಸೇರಿ ಬರೆದ ನಾಟಕದಲ್ಲಿ, ತರಗತಿ ಮುಗಿಸಿ ತಡವಾಗಿ ಮನೆಗೆ ಬರುವ ತಾಯಿಯ ಪಾತ್ರ ಅವಳದು. ಕೊನೆಗೆ ಆ ತಾಯಿ "ತಪ್ಪಾಯ್ತು" ಅನ್ನಬೇಕು, ಮಗ ಬಾಗಿಲು ತೆಗೆಯಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ಅಕ್ಕ ಸುತರಾಂ ಒಪ್ಪಲಿಲ್ಲ. "ಒಂದು ಮಾತು ತಾನೇ ಅಕ್ಕ, ಹೇಳಿಬಿಡಿ," ಎಂದು ಮೇಷ್ಟ್ರು ಗೋಗರೆದರು. "ಅಷ್ಟು ಸಲೀಸಾದ್ರೆ ನೀವೇ ಸೀರೆ ಉಟ್ಕೊಂಡು ಹೇಳಿ ಮೇಷ್ಟ್ರೇ," ಎಂದಳು. ಹಟಮಾರಿ ಎಂದು ಎಲ್ಲರೂ ನಕ್ಕೆವು. ಮೊನ್ನೆ ತರಗತಿ ಮುಗಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳ ಮನೆಯವರೆಗೆ ಜೊತೆಗೆ ನಡೆದಾಗ ಕಾರಣ ಗೊತ್ತಾಯಿತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. "ಇಷ್ಟೊತ್ತು ಎಲ್ಲಿ ಸುತ್ತಾಡ್ತಿದ್ದೆ?" ಎಂದು ಒಳಗಿನಿಂದಲೇ ಅವಳ ಮಗ ಗದರಿದ. ಅವನನ್ನು ಇಸ್ತ್ರಿ ಮೇಜಿನ ಕೆಳಗೆ ಮಲಗಿಸಿಕೊಂಡು ದುಡಿದು ಬೆಳೆಸಿದವಳು, "ತಪ್ಪಾಯ್ತಪ್ಪಾ, ತೆಗಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇಲ್ಲಿ ದಿನಾ ಹೇಳ್ತೀನಿ ಕಣೆ. ಅಲ್ಲೂ ಹೇಳಬೇಕಾ?" ಇವತ್ತು ನಾಟಕಕ್ಕೆ ಆ ಮಗ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ. ಅಕ್ಕ ರಟ್ಟಿನ ಬಾಗಿಲ ಮುಂದೆ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಬಾಗಿಲು ಬಿಟ್ಟು ನೇರ ಅವನನ್ನೇ ನೋಡಿದಳು. "ತಡ ಆಯ್ತು. ನಾಳೇನೂ ತಡ ಆಗತ್ತೆ. ತೆಗಿ ಬಾಗಿಲು!"