ಚನ್ನನಿಗೆ ಕೂರಲು ಕಲಿಸಿದ್ದು

ನೀರುಕಡ್ಡಿಯ ದಂಟು ಮುರಿದರೆ ಒಂದು ಹಸಿ ವಾಸನೆ ಬರುತ್ತದೆ, ಅದರೊಳಗೆ ಚೂರು ಸಾಸಿವೆಯ ಘಾಟು. ಮೊನ್ನೆ ಬಚ್ಚಲ ಹಿಂದೆ ಬೆಳೆದದ್ದನ್ನು ಕಿತ್ತು ಬಿಸಾಡುವಾಗ ಆ ವಾಸನೆ ಮೂಗಿಗೆ ಬಡಿದು ಅಲ್ಲೇ ಕೂತುಬಿಟ್ಟೆ. ಸ್ಲೇಟು ಹಿಡಿದು ಶಾಲೆಗೆ ಹೋದ ನಿಮಗೆ ಈ ಗಿಡದ ಪರಿಚಯ ಮಾಡಿಕೊಡಬೇಕಿಲ್ಲ. ಎಂಜಲು ಹಚ್ಚಿ ಒರೆಸಿದರೆ ಸರಸ್ವತಿ ಮುನಿಯುತ್ತಾಳೆಂದು ಹೆದರಿಸಿದ್ದರಲ್ಲ, ಅದಕ್ಕೇ ಎಲ್ಲರೂ ಈ ನೀರುತುಂಬಿದ ದಂಟಿನಿಂದ ಒರೆಸುತ್ತಿದ್ದೆವು. ನನ್ನ ತಮ್ಮ ಚನ್ನನಿಗೆ ಮಾತ್ರ ಅದು ಬೇರೆ ಕೆಲಸಕ್ಕೆ ಬಂದಿತ್ತು.

ಅದು ಬಿಳಿ ದೊರೆಗಳ ಕಾಲ. ಅಪ್ಪ ಕೊಡಗಿನ ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ನಾವಿದ್ದ ಹೆಂಚಿನ ಮನೆ ಈಗಿಲ್ಲ, ಆ ಜಾಗದಲ್ಲಿ ಕಾಫಿ ಗಿಡ ನೆಟ್ಟಿದ್ದಾರೆ. ನಾವು ಶನಿವಾರಸಂತೆ ಕಡೆಯ ಲಿಂಗಾಯತರು. ಹೊರಗೆ ಕೊಡವ ತಕ್ಕು, ಕೂಲಿಯಾಳುಗಳ ಲೈನಿನಲ್ಲಿ ತಮಿಳು, ಮನೆಯೊಳಗೆ ನಮ್ಮ ಕನ್ನಡ. ಚನ್ನ ಮೂರನ್ನೂ ಕಲಿತಿದ್ದ, ಯಾಕೆಂದರೆ ಅವನು ಒಂದು ಕಡೆ ನಿಂತವನೇ ಅಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಎಂದು ಅಪ್ಪ ನಗುತ್ತಿದ್ದರು. ಶಾಲೆಗೆ ಸೇರಿಸಿದ ಮೇಲೆ ಅದು ನಗುವ ಮಾತಾಗಿ ಉಳಿಯಲಿಲ್ಲ. ಅಕ್ಷರ ತಿದ್ದುತ್ತಲೇ ಎದ್ದು ಕಿಟಕಿಗೆ ಹೋಗುವನು, ಕಿಟಕಿಯಿಂದ ಬಾಗಿಲಿಗೆ. ಮೇಷ್ಟ್ರು ಬೈದರು, ಬೆತ್ತ ತೆಗೆದರು, ಕೊನೆಗೆ ಒಂದು ದಿನ ಹೆಗಲ ಮೇಲಿನ ಶಲ್ಯದಿಂದ ಅವನನ್ನು ಕಂಬಕ್ಕೆ ಕಟ್ಟಿದರು. ನಾನು ಮನೆಗೆ ಓಡಿ ಅವ್ವನನ್ನು ಕರೆತಂದೆ. ಪರಗಂಡಸರೆದುರು ತಲೆ ಎತ್ತದ ಅವ್ವ ಸೀದಾ ಒಳಗೆ ಬಂದು ಗಂಟು ಬಿಚ್ಚಿದಳು.

"ಕಟ್ಟಬೇಡಿ ಮೇಷ್ಟ್ರೇ. ಕೂರೋದನ್ನ ನಾನ್ ಕಲಿಸ್ತೀನಿ."

ಪುತ್ತರಿ ಸುಗ್ಗಿಹಬ್ಬದೊಳಗೆ ಕಲಿಯದಿದ್ದರೆ ಹೆಸರು ಹೊಡೆದುಹಾಕುತ್ತೇನೆ ಎಂದರು ಮೇಷ್ಟ್ರು. ಸುತ್ತಮುತ್ತ ಬೇರೆ ಶಾಲೆ ಇರಲಿಲ್ಲ.

ಅವ್ವ ತನಗೆ ಗೊತ್ತಿದ್ದ ರೀತಿಯಲ್ಲೇ ಕಲಿಸಿದಳು. ಬೆಳಿಗ್ಗೆ ಪೂಜೆಗೆ ಕೂತಾಗ ಅವನನ್ನೂ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಅವನ ಕೊರಳಿನ ಲಿಂಗವನ್ನು ಎಡಗೈಯಲ್ಲಿ ಇಡುತ್ತಿದ್ದಳು. ಅದು ಕೈಯಲ್ಲಿರುವಷ್ಟು ಹೊತ್ತು ಅಲುಗಾಡುವ ಹಾಗಿಲ್ಲ. ಶಾಲೆಯಲ್ಲಿ ಲಿಂಗ ತೆಗೆಯಲಾಗುತ್ತದೆಯೇ? ಅಲ್ಲಿಗೆ ನೀರುಕಡ್ಡಿ. ಎಡಗೈಯಲ್ಲಿ ಒಂದು ದಂಟು. ಅದು ಬಾಡುವವರೆಗೆ ಕೂರಬೇಕು, ಬಾಡಿದ ಮೇಲೆ ಮೇಷ್ಟ್ರನ್ನು ಕೇಳಿ ಎದ್ದು, ತೊರೆಯ ಬದಿಯಿಂದ ಎಲ್ಲರ ಸ್ಲೇಟಿಗೂ ಹೊಸದು ತರಬಹುದು. ಮೊದಮೊದಲು ಕಳ್ಳ, ಮುಷ್ಟಿಯಲ್ಲಿ ಹಿಸುಕಿ ಬಾಡಿಸುತ್ತಿದ್ದ. ಪಕ್ಕದಲ್ಲಿ ಕೂತು ಬೆರಳು ಬಿಡಿಸುವುದು ನನ್ನ ಕೆಲಸ. ಬರಬರುತ್ತಾ ಹಿಸುಕುವುದು ನಿಂತಿತು. ಒಂದು ದಿನ ದಂಟು ಬಾಡಿ ಜೋತುಬಿದ್ದದ್ದೂ ತಿಳಿಯದೆ ಅಕ್ಷರ ತಿದ್ದುತ್ತಾ ಕೂತೇ ಇದ್ದ. ಮೇಷ್ಟ್ರು ನನ್ನ ಕಡೆ ನೋಡಿ ಮೀಸೆಯೊಳಗೇ ನಕ್ಕರು. ಅವತ್ತು ಅವ್ವ ಪಾಯಸ ಮಾಡಿದಳು.

ಪುತ್ತರಿಗೆ ಮುಂಚೆ ಲೈನಿನಲ್ಲಿ ಚಳಿಜ್ವರ ಎದ್ದಿತು, ಅಲ್ಲಿಂದ ನಮ್ಮ ಮನೆಗೂ ಬಂತು. ಎಸ್ಟೇಟಿನವರು ಕೊಟ್ಟ ಕ್ವಿನೈನು ಚನ್ನನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕಂಬಳಿಯ ಕೆಳಗೆ ನಡುಗುತ್ತಾ, "ಅಕ್ಕಾ, ಮೇಷ್ಟ್ರು ಹೆಸ್ರು ಹೊಡೀತಾರಾ?" ಎಂದು ಕೇಳುತ್ತಿದ್ದ. ಇಲ್ಲ ಕಣೋ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಕೇಳುವುದನ್ನು ನಿಲ್ಲಿಸಿದ, ಬಿಸಿಲೇರುವಷ್ಟರಲ್ಲಿ ಹೋಗಿಬಿಟ್ಟ. ದೇವರ ಮೇಲೆ ಅಂದು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಪೂಜೆ, ಕೂರಿಸಿಯೇ ಮಣ್ಣು. ನಡುಮನೆಯ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟರು. ಪುಟ್ಟ ಮೈ ಪಕ್ಕಕ್ಕೆ ವಾಲುತ್ತಿತ್ತು. ಪಕ್ಕದ ಎಸ್ಟೇಟಿನಿಂದ ಬಂದಿದ್ದ ದೊಡ್ಡಪ್ಪ ಎದೆಗೆ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಲು ಹೋದರು. ಹಾಗೆ ಕಟ್ಟುವುದು ವಾಡಿಕೆ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಮುಖ ತಿರುಗಿಸಿದರು. ಅವ್ವ ಆ ಬಟ್ಟೆಯನ್ನು ಹಿಡಿದುಕೊಂಡಳು.

"ಕಟ್ಟಬೇಡಿ ಭಾವ. ಎದ್ದು ಓಡೋದಾದ್ರೆ ಓಡ್ಲಿ."

ದೊಡ್ಡಪ್ಪ ಕೈಬಿಟ್ಟರು. ಸಂಜೆ ಎತ್ತುವವರೆಗೂ ಅವ್ವ ಪಕ್ಕದಲ್ಲೇ ಕೂತು ಅವನ ಬೆನ್ನಿಗೆ ಕೈ ಕೊಟ್ಟಿದ್ದಳು.